ಲೇತಿನ ಊರಲ್ಲಿ ಪುಟಾಣಿ ಟ್ರಕ್ಕಿನ ಪಾಠ

ಹರಿಹರದ ಹರಿಹರೇಶ್ವರ ದೇವಾಲಯಕ್ಕೆ ಹೋದವರು ಮಂಟಪದ ಕಂಬಗಳನ್ನೊಮ್ಮೆ ಕೈಯಿಂದ ಸವರದೆ ಬರುವುದು ಅಪರೂಪ. ಬಳಪದ ಕಲ್ಲಿನ ಆ ಕಂಬಗಳು ಗುಂಡಗೆ, ನುಣ್ಣಗೆ, ಉಂಗುರದ ಮೇಲೆ ಉಂಗುರ ಇಟ್ಟಂತೆ ನಿಂತಿವೆ. ಹೊಯ್ಸಳ ದೊರೆ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿ ಇದು. ಇಂಥ ಕಂಬಗಳಿಗೆ ಕನ್ನಡದಲ್ಲಿ 'ಕಡೆದ ಕಂಬ' ಎಂದೇ ಹೆಸರು. ಮಜ್ಜಿಗೆ ಕಡೆಯುವುದಕ್ಕೂ ಕಲ್ಲು ಕಡೆಯುವುದಕ್ಕೂ ನಮ್ಮಲ್ಲಿ ಒಂದೇ ಮಾತು. ತಿರುಗುವ ವಸ್ತು ಒಂದು, ಅದಕ್ಕೆ ಒಡ್ಡಿದ ಉಳಿ ಒಂದು. ಚನ್ನಪಟ್ಟಣದ ಬೊಂಬೆ ಹುಟ್ಟುವುದೂ ಹೀಗೆಯೇ, ಕಾರ್ಖಾನೆಯ ಉಕ್ಕಿನ ದಂಡ ಹುಟ್ಟುವುದೂ ಹೀಗೆಯೇ.

ಅದೇ ಹರಿಹರದಲ್ಲಿ ಯಂತ್ರಾಪುರ ಎಂಬ ಬಡಾವಣೆ ಇದೆ. ಕಡೆಯುವ ಯಂತ್ರಗಳನ್ನೇ, ಅಂದರೆ ಲೇತ್‌ಗಳನ್ನೇ ತಯಾರಿಸಿ ದೇಶಕ್ಕೆಲ್ಲ ಕಳಿಸಿದ ಊರು ಅದು. ಕಲ್ಲಿನ ಕಂಬಕ್ಕೂ ಉಕ್ಕಿನ ಲೇತಿಗೂ ನಡುವೆ ಏಳು ಶತಮಾನಗಳ ಅಂತರ. ಈಗ ಅವೆರಡರ ಪಕ್ಕಕ್ಕೆ ಮೊಳದುದ್ದದ, ರೇಡಿಯೋ ಅಲೆಗಳ ಆಜ್ಞೆಯಂತೆ ಓಡುವ ಒಂದು ಪುಟಾಣಿ ಟ್ರಕ್ಕನ್ನು ಇಟ್ಟು ನೋಡೋಣ. 'ಆಟದ ಸಾಮಾನಿಗೂ ಕಾರ್ಖಾನೆಗೂ ಏನು ನಂಟು?' ಎಂದು ಕೇಳುವ ತಂದೆ-ತಾಯಂದಿರಿಗೂ, ರಜೆಯಲ್ಲಿ ಕೈ ಸುಮ್ಮನಿರದ ಮಕ್ಕಳಿಗೂ ಅದರಲ್ಲಿ ಕಲಿಯುವ ಸಂಗತಿ ಬೇಕಾದಷ್ಟಿದೆ.

ನೇಗಿಲಿನಿಂದ ಲೇತಿಗೆ

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸಣ್ಣದೊಂದು ಸೈಕಲ್ ಅಂಗಡಿ ತೆರೆದರು. ಆಮೇಲೆ ಕಬ್ಬಿಣದ ನೇಗಿಲು ಮಾಡಲು ಹೊರಟರು. ಕಬ್ಬಿಣ ತಾಗಿದರೆ ಮಣ್ಣು ಕೆಡುತ್ತದೆಂದು ರೈತರು ಮೊದಮೊದಲು ಹಿಂಜರಿದರೆಂದು ಹೇಳುತ್ತಾರೆ. 1910ರಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. 1941ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಮೈಸೂರು ಸಂಸ್ಥಾನದ ಗಡಿಯ ಊರಾದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಸ್ಥಾಪನೆಯಾಯಿತು. ಹೊರದೇಶದ ಯಂತ್ರಗಳು ಹಡಗಿನಲ್ಲಿ ಬರುವುದೇ ಕಷ್ಟವಾಗಿದ್ದ ಕಾಲದಲ್ಲಿ ತುಂಗಭದ್ರೆಯ ದಂಡೆಯಲ್ಲಿ ಲೇತ್ ತಯಾರಿಕೆ ಬೇರೂರಿತು. ಬೆಂಗಳೂರಿನಲ್ಲಿ ಎಚ್‌ಎಂಟಿ ಶುರುವಾದದ್ದು 1953ರಲ್ಲಿ; ಹರಿಹರ ಅದಕ್ಕಿಂತ ಹನ್ನೆರಡು ವರ್ಷ ಹಿರಿಯದು.

ಲೇತನ್ನು ಯಂತ್ರಗಳ ತಾಯಿ ಎನ್ನುತ್ತಾರೆ. ಬೇರೆ ಯಂತ್ರಗಳ ದಂಡ, ತಿರುಪು, ಗಾಲಿ, ಬುಷ್ ಎಲ್ಲವೂ ಅದರ ಮಡಿಲಲ್ಲೇ ರೂಪುಗೊಳ್ಳಬೇಕು. 'ಎಂಟರ್‌ಪ್ರೈಸ್', 'ಟರ್ನ್‌ಮಾಸ್ಟರ್' ಹೆಸರಿನ ಹರಿಹರದ ಲೇತ್‌ಗಳು ಕಾರ್ಖಾನೆಗಳಿಗೆ, ಐಟಿಐಗಳಿಗೆ, ಬೀದಿ ಬದಿಯ ವರ್ಕ್‌ಶಾಪ್‌ಗಳಿಗೆ ಹೋದವು. ಆದರೆ ಕಂಪ್ಯೂಟರ್ ಆಜ್ಞೆಯಂತೆ ನಡೆಯುವ ಸಿಎನ್‌ಸಿ ಯಂತ್ರಗಳು, ಆಮದಿನ ಪೈಪೋಟಿ, ಮೈಮೇಲೆ ಬಂದ ಸಾಲ ಇವೆಲ್ಲ ಸೇರಿ ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಆ ಕಾರ್ಖಾನೆಯ ಬಾಗಿಲು ಮುಚ್ಚಿತು. ಸೈರನ್ ನಿಂತಿತು. ಸಂಬಳ ನಿಂತ ಮನೆಗಳ ನೋವು ಸಣ್ಣದೇನಲ್ಲ.

ಕಾರ್ಖಾನೆ ಮುಚ್ಚಿದರೂ ಕೈಗೆ ಹತ್ತಿದ ಕಸುಬು ಒಂದೇ ದಿನಕ್ಕೆ ಮುಚ್ಚಿಹೋಗುವುದಿಲ್ಲ. ಅದು ಉಳಿಯಬೇಕಾದರೆ ಹಿರಿಯ ಕೈಯಿಂದ ಎಳೆಯ ಕೈಗೆ ದಾಟಬೇಕು. ಆಟಿಕೆ ಟ್ರಕ್ಕಿನ ಮಾತು ಬರುವುದು ಇಲ್ಲಿಯೇ.

ದೋಣಿಯಿಂದ ಟ್ರಕ್ಕಿನವರೆಗೆ

ತಂತಿಯಿಲ್ಲದೆ ವಾಹನ ಓಡಿಸುವ ಯೋಚನೆ ಹಳೆಯದು. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ನೀರಿನ ತೊಟ್ಟಿಯೊಂದರಲ್ಲಿ ಪುಟ್ಟ ದೋಣಿಯನ್ನು ರೇಡಿಯೋ ಅಲೆಗಳಿಂದ ನಡೆಸಿ ತೋರಿಸಿದ. ಜಪಾನಿನ ತಾಮಿಯಾ ಕಂಪನಿ 1976ರಲ್ಲಿ ಮೊದಲ ರೇಡಿಯೋ ನಿಯಂತ್ರಿತ ಕಾರನ್ನೂ, 1987ರಲ್ಲಿ ದೊಡ್ಡ ಗಾಲಿಗಳ 'ಕ್ಲಾಡ್ ಬಸ್ಟರ್' ಎಂಬ ಟ್ರಕ್ಕನ್ನೂ ಮಾರುಕಟ್ಟೆಗೆ ತಂದಿತು. ಡಬ್ಬಿಯಲ್ಲಿ ಬಿಡಿಬಿಡಿಯಾಗಿ ಬರುವ ಭಾಗಗಳನ್ನು ಮಕ್ಕಳೇ ಜೋಡಿಸಿಕೊಳ್ಳಬೇಕು ಎಂಬುದು ಇವುಗಳ ವಿಶೇಷ.

ಹಿಂದೆ ಇಂಥ ಗಾಡಿಗಳು ಸಾಮಾನ್ಯವಾಗಿ 27 ಮೆಗಾಹರ್ಟ್ಸ್ ಅಲೆಗಳ ಮೇಲೆ ನಡೆಯುತ್ತಿದ್ದವು. ಒಂದೇ ಕಂಪನಾಂಕದ ಎರಡು ರಿಮೋಟ್ ಒಟ್ಟಿಗೆ ಆನ್ ಆದರೆ ಒಬ್ಬನ ಗಾಡಿ ಇನ್ನೊಬ್ಬನ ಮಾತು ಕೇಳಿಬಿಡುತ್ತಿತ್ತು! 2.4 ಗಿಗಾಹರ್ಟ್ಸ್ ವ್ಯವಸ್ಥೆ ಬಂದ ಮೇಲೆ ಆ ಗೊಂದಲ ತಪ್ಪಿದೆ. ಕಡಿಮೆ ಶಕ್ತಿಯ ಉಪಕರಣಗಳು ಈ ಪಟ್ಟಿಯನ್ನು ಲೈಸೆನ್ಸ್ ಇಲ್ಲದೆ ಬಳಸಲು ಭಾರತ ಸರ್ಕಾರ 2005ರಲ್ಲಿ ಅವಕಾಶ ಕೊಟ್ಟಿತು.

ನಿಜವಾದ ವಾಹನದ ಹತ್ತನೆಯ ಒಂದು ಅಳತೆಯ ಟ್ರಕ್ಕಿನ ಮೇಲ್ಕವಚ ತೆಗೆದು ನೋಡಿ. ಚಾಸಿಸ್, ಸಸ್ಪೆನ್ಷನ್ ತೋಳು, ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರ್, ಗೇರು, ಡಿಫರೆನ್ಷಿಯಲ್, ಬೇರಿಂಗ್... ಲಾರಿಯಲ್ಲಿ ಇರುವ ಬಹುಪಾಲು ಅಂಗಗಳು ಇಲ್ಲಿಯೂ ಇವೆ. ಎಂಜಿನ್ನಿನ ಜಾಗದಲ್ಲಿ ವಿದ್ಯುತ್ ಮೋಟಾರು, ಚಾಲಕನ ಕೈಯ ಜಾಗದಲ್ಲಿ ಸರ್ವೊ ಎಂಬ ಪುಟ್ಟ ಪೆಟ್ಟಿಗೆ. ಅಷ್ಟೇ ವ್ಯತ್ಯಾಸ.

ಮುರಿದಾಗಲೇ ಪಾಠ ಶುರು

ಹರಿಹರ ತಾಲ್ಲೂಕಿನ ನಂದಿಗುಡಿಯಂಥ ಹಳ್ಳಿಯಲ್ಲಿ ಇಂಥ ಟ್ರಕ್ಕು ಓಡಿಸಲು ಬೇರೆ ಟ್ರ್ಯಾಕ್ ಬೇಡ. ಗದ್ದೆಯ ಬದು, ಬಂಡಿ ಜಾಡು, ಕಣದ ಅಂಚು, ಮಳೆ ಬಂದರೆ ಕೆಸರು ಎಲ್ಲವೂ ಅದಕ್ಕೆ ಪರೀಕ್ಷೆಯೇ. ಒಂದೆರಡು ಜಿಗಿತಕ್ಕೆ ಗಾಲಿ ಕೂರುವ ಪ್ಲಾಸ್ಟಿಕ್ ಹಬ್ಬಿನ ಮೂಲೆಗಳು ಸವೆದು ಗಾಲಿ ಬರೀ ಸುತ್ತತೊಡಗುತ್ತದೆ. ಮೋಟಾರು ಕಿರುಚುತ್ತದೆ, ಗಾಡಿ ಅಲ್ಲಾಡದು.

ಹೀಗೇಕಾಗುತ್ತದೆ? ಸನ್ನೆಯ ನಿಯಮವನ್ನು ನೆನೆಯಿರಿ. ಗಾಲಿಯ ತ್ರಿಜ್ಯ 50 ಮಿಲಿಮೀಟರ್. ಹಬ್ಬಿನ ಮೂಲೆಗೆ ಕೇಂದ್ರದಿಂದ ಇರುವ ದೂರ ಸುಮಾರು 7 ಮಿಲಿಮೀಟರ್. ನೆಲ ಗಾಲಿಗೆ ಒಂದು ಕಿಲೋ ತೂಕದಷ್ಟು ತಡೆ ಒಡ್ಡಿದರೆ ಹಬ್ಬಿನ ಮೂಲೆಗಳ ಮೇಲೆ ಒಟ್ಟು ಏಳು ಕಿಲೋದಷ್ಟು ಒತ್ತಡ ಬೀಳುತ್ತದೆ. ಗಾಳಿಯಲ್ಲಿ ಭರ್ರನೆ ತಿರುಗುತ್ತಿದ್ದ ಗಾಲಿ ನೆಲಕ್ಕೆ ಬಡಿದ ಕ್ಷಣದಲ್ಲಿ ಇದು ಇನ್ನೂ ಹೆಚ್ಚು. ಪ್ಲಾಸ್ಟಿಕ್ ಎಷ್ಟೆಂದು ತಾಳೀತು?

ಬಿಡಿಭಾಗ ಹೊರದೇಶದಿಂದ ಬರಲು ವಾರಗಟ್ಟಲೆ ಕಾಯಬೇಕಾಗಬಹುದು. ಬಂದರೂ ಅದೇ ಪ್ಲಾಸ್ಟಿಕ್, ಅದೇ ಗತಿ. ಮುರಿದ ತುಂಡನ್ನು ಜೇಬಿಗೆ ಹಾಕಿಕೊಂಡು ಟ್ರ್ಯಾಕ್ಟರ್ ರಿಪೇರಿ ಮಾಡುವ ಲೇತ್ ಅಂಗಡಿಗೆ ಹೋದರೆ ಮೇಸ್ತ್ರಿ ಕೇಳುವ ಪ್ರಶ್ನೆಗಳನ್ನು ಊಹಿಸಬಹುದು: "ಇದ್ಯಾವ ಗಾಡೀದಪ್ಪಾ? ಅಳತೆ ಎಲ್ಲಿ? ಡ್ರಾಯಿಂಗ್ ತಂದೀಯಾ?"

'ಇದರ ಹಾಗೇ ಒಂದು ಮಾಡಿಕೊಡಿ ಅಣ್ಣಾ' ಎಂದರೆ ಸಾಲದು. ಮುರಿದ ತುಂಡು ಸವೆದಿರುತ್ತದೆ. ಅದರ ಅಳತೆಯೇ ಸುಳ್ಳು. ಆದ್ದರಿಂದ ಮೊದಲು ಅದು ಕೂರುವ ಜಾಗವನ್ನು ವರ್ನಿಯರ್ ಕ್ಯಾಲಿಪರಿನಿಂದ ಅಳೆಯಬೇಕು. ಹತ್ತನೆಯ ಒಂದು ಅಳತೆಯ ಟ್ರಕ್ಕುಗಳಲ್ಲಿ ಹಬ್ಬು ಸಾಮಾನ್ಯವಾಗಿ ಎದುರುಬದುರು ಮುಖಗಳ ನಡುವೆ 12 ಮಿಲಿಮೀಟರ್ ಇರುವ ಷಡ್ಭುಜ. ನಡುವೆ 5 ಮಿಲಿಮೀಟರ್ ತೂತು, ಹಿಂಬದಿಯಲ್ಲಿ ಅಡ್ಡ ಪಿನ್ನು ಕೂರಲು 2 ಮಿಲಿಮೀಟರ್ ಅಗಲದ ಗಾಡಿ. ಮುಂದಿನಿಂದ, ಪಕ್ಕದಿಂದ, ಮೇಲಿನಿಂದ ನೋಡಿದಂತೆ ಮೂರು ಚಿತ್ರ ಬರೆದರೆ ಯಾವ ಊರಿನ ಟರ್ನರ್ ಆದರೂ ಓದಬಲ್ಲ. ಡ್ರಾಯಿಂಗ್ ಎಂಬುದು ಕಸುಬುದಾರರ ಭಾಷೆ. ಅದಕ್ಕೆ ಕನ್ನಡ, ಜಪಾನಿ ಎಂಬ ಭೇದವಿಲ್ಲ.

ಕೋನಮಾಪನದ ಉಪಯೋಗವೇನು ಎನ್ನುವ ವಿದ್ಯಾರ್ಥಿಗಳಿಗೆ ಇಲ್ಲೊಂದು ಉತ್ತರ ಸಿಗುತ್ತದೆ. 12 ಮಿಲಿಮೀಟರ್ ಷಡ್ಭುಜವನ್ನು ಗುಂಡು ಸರಳಿನಿಂದ ತೆಗೆಯಬೇಕಾದರೆ ಸರಳಿನ ವ್ಯಾಸ ಎಷ್ಟಿರಬೇಕು? 12ನ್ನು 30 ಡಿಗ್ರಿಯ ಕೊಸೈನ್‌ನಿಂದ, ಅಂದರೆ 0.866ರಿಂದ ಭಾಗಿಸಿ. ಉತ್ತರ 13.86. 12ರ ಸರಳು ತಂದವನಿಗೆ ಮೂಲೆಗಳೇ ಸಿಗುವುದಿಲ್ಲ. 16ರ ಸರಳು ತಂದು 14ಕ್ಕೆ ಇಳಿಸಿದವನಿಗೆ ಸಿಗುತ್ತವೆ.

ಯಂತ್ರದ ಮುಂದೆ

ಅಲ್ಯುಮಿನಿಯಂ ಸರಳನ್ನು ಲೇತಿನ ಚಕ್ಕಿಗೆ ಬಿಗಿದ ಮೇಲೆ ಮೊದಲು ಮುಖ ಸಮ ಮಾಡುವುದು, ಆಮೇಲೆ ನಡುಬಿಂದುವಿಗೆ ಸೆಂಟರ್ ಡ್ರಿಲ್, 4.8ರ ಡ್ರಿಲ್, ಕೊನೆಗೆ 5ರ ರೀಮರ್. ಹೊರವ್ಯಾಸ 14ಕ್ಕೆ ಬರುವವರೆಗೆ ಟರ್ನಿಂಗ್. ಯಂತ್ರ ಎಷ್ಟು ವೇಗವಾಗಿ ತಿರುಗಬೇಕು ಎಂಬುದಕ್ಕೂ ಲೆಕ್ಕವಿದೆ. ಹೈಸ್ಪೀಡ್ ಉಕ್ಕಿನ ಟೂಲಿಗೆ ಅಲ್ಯುಮಿನಿಯಂ ಮೇಲೆ ನಿಮಿಷಕ್ಕೆ ಸುಮಾರು 90 ಮೀಟರ್, ಮೆತು ಉಕ್ಕಿನ ಮೇಲೆ ಸುಮಾರು 25 ಮೀಟರ್ ವೇಗ ಒಪ್ಪುತ್ತದೆ. ಈ ಅಂಕಿಯನ್ನು ಸಾವಿರದಿಂದ ಗುಣಿಸಿ, ಸರಳಿನ ಸುತ್ತಳತೆಯಿಂದ ಭಾಗಿಸಿದರೆ 16 ಮಿಲಿಮೀಟರ್ ಸರಳಿಗೆ ಮೊದಲನೆಯದರಲ್ಲಿ ನಿಮಿಷಕ್ಕೆ 1,790 ಸುತ್ತು, ಎರಡನೆಯದರಲ್ಲಿ 500 ಸುತ್ತು ಬರುತ್ತದೆ. ಲೋಹ ಬದಲಾದರೆ ಯಂತ್ರದ ನಡಿಗೆಯೂ ಬದಲಾಗಲೇಬೇಕು.

ಹೊಸಬರು ಎಡವುವ ಜಾಗವೊಂದಿದೆ. ಟೂಲು 1 ಮಿಲಿಮೀಟರ್ ಒಳಗೆ ಹೋದರೆ ವ್ಯಾಸ ಕಡಿಮೆಯಾಗುವುದು 2 ಮಿಲಿಮೀಟರ್. ಏಕೆಂದರೆ ಸರಳು ಸುತ್ತುತ್ತಿರುತ್ತದೆ, ಎರಡೂ ಬದಿ ಸವೆಯುತ್ತದೆ. ಕೆಲವು ಲೇತ್‌ಗಳ ಡಯಲ್ ವ್ಯಾಸದ ಲೆಕ್ಕ ತೋರಿಸುತ್ತದೆ, ಕೆಲವು ತ್ರಿಜ್ಯದ ಲೆಕ್ಕ. ಕೇಳದೆ ಹಿಡಿ ತಿರುವಿದವನ ಜಾಬ್ ಗುಜರಿ ಸೇರುತ್ತದೆ. ಹೆಚ್ಚು ಉಳಿದದ್ದನ್ನು ಮತ್ತೆ ತೆಗೆಯಬಹುದು, ತೆಗೆದದ್ದನ್ನು ಮತ್ತೆ ಅಂಟಿಸಲಾಗದು.

ಆರು ಮುಖಗಳ ಕೆಲಸ ಮಿಲ್ಲಿಂಗ್ ಯಂತ್ರದ್ದು. ಅಲ್ಲಿ ಡಿವೈಡಿಂಗ್ ಹೆಡ್ ಎಂಬ ಸಾಧನದ ಹಿಡಿಯನ್ನು 40 ಸುತ್ತು ತಿರುಗಿಸಿದರೆ ಜಾಬ್ ಒಂದು ಸುತ್ತು ತಿರುಗುತ್ತದೆ. ಆರು ಮುಖಕ್ಕೆ 40ನ್ನು 6ರಿಂದ ಭಾಗಿಸಿ: ಆರು ಪೂರ್ತಿ ಸುತ್ತು, ಮೇಲೆ ಮೂರನೆಯ ಎರಡು ಸುತ್ತು. ಮೂರನೆಯ ಎರಡನ್ನು ಕಣ್ಣಳತೆಯಲ್ಲಿ ನಿಲ್ಲಿಸಲಾದೀತೇ? ಅದಕ್ಕೇ 15 ತೂತುಗಳ ವೃತ್ತವಿರುವ ತಟ್ಟೆ ಇರುತ್ತದೆ. ಅದರಲ್ಲಿ ಹತ್ತು ತೂತು ಮುಂದೆ ಹೋದರಾಯಿತು. ಐದನೆಯ ತರಗತಿಯ ಭಿನ್ನರಾಶಿ ಕಬ್ಬಿಣದ ತಟ್ಟೆಯಲ್ಲಿ ಕಣ್ಣಿಗೆ ಕಾಣುವುದು ಹೀಗೆ. ಮುಖಗಳಾದ ಮೇಲೆ ಪಿನ್ನಿನ ಗಾಡಿ. ಕೊನೆಗೆ ಸರಳಿನಿಂದ ಬೇರ್ಪಡಿಸುವುದು. ಮಿಲ್ಲಿಂಗ್ ಯಂತ್ರ ಇಲ್ಲದ ಅಂಗಡಿಯಲ್ಲಿ ಅರ ಹಿಡಿದು ಉಜ್ಜಿಯೂ ಆರು ಮುಖ ತೆಗೆಯಬಹುದು. ಫಿಟ್ಟರ್ ವಿದ್ಯಾರ್ಥಿಗೆ ಅದು ಒಳ್ಳೆಯ ಅಭ್ಯಾಸ.

ಬೇರಿಂಗ್ ಕೂರುವ ಜಾಗಕ್ಕೆ ಇನ್ನೂ ಹೆಚ್ಚಿನ ಎಚ್ಚರ ಬೇಕು. 11 ಮಿಲಿಮೀಟರ್ ಹೊರವ್ಯಾಸದ ಬೇರಿಂಗಿಗೆ ಬಿಗಿಯಾದ, ಆದರೆ ಹಿಂಡದ ತೂತು ಬೇಕೆಂದರೆ ಎಚ್7 ಎಂಬ ಅಂತರರಾಷ್ಟ್ರೀಯ ದರ್ಜೆಯಲ್ಲಿ ಅನುಮತಿಸುವ ಹೆಚ್ಚುವರಿ 0.018 ಮಿಲಿಮೀಟರ್ ಮಾತ್ರ. ತಲೆಗೂದಲಿನ ದಪ್ಪದ ಕಾಲು ಭಾಗ! ಟ್ರಕ್ಕು ಆಟದ್ದಿರಬಹುದು, ಅಳತೆ ಆಟದ್ದಲ್ಲ.

ಹಲ್ಲುಗಳ ಲೆಕ್ಕ

ವೇಗ ಹೆಚ್ಚಿಸುವ ಆಸೆ ಹುಡುಗರಿಗೆ ಸಹಜ. 7.4 ವೋಲ್ಟ್ ಬ್ಯಾಟರಿಯೊಂದಿಗೆ ವೋಲ್ಟಿಗೆ 3,000 ಸುತ್ತು ತಿರುಗುವ ಮೋಟಾರು ಇದೆ ಎನ್ನೋಣ. ಭಾರವಿಲ್ಲದಾಗ ನಿಮಿಷಕ್ಕೆ 22,200 ಸುತ್ತು. ಮೋಟಾರಿನ ಪಿನಿಯನ್ನಿಗೆ 15 ಹಲ್ಲು, ಅದು ಕಚ್ಚುವ ದೊಡ್ಡ ಗೇರಿಗೆ 60 ಹಲ್ಲು ಇದ್ದರೆ ಅಲ್ಲಿ ವೇಗ ನಾಲ್ಕನೆಯ ಒಂದು ಭಾಗವಾಗುತ್ತದೆ. ಮುಂದೆ ಡಿಫರೆನ್ಷಿಯಲ್ಲಿನಲ್ಲಿ ಮತ್ತೆ ಎರಡೂವರೆ ಪಟ್ಟು ಇಳಿದರೆ ಗಾಲಿಗೆ ಸಿಗುವುದು 2,220 ಸುತ್ತು. ಗಾಲಿಯ ವ್ಯಾಸ 100 ಮಿಲಿಮೀಟರ್ ಆದರೆ ಗಂಟೆಗೆ ಸುಮಾರು 42 ಕಿಲೋಮೀಟರ್. ಇದು ಕಾಗದದ ಮೇಲಿನ ವೇಗ. ನೆಲದ ಮೇಲೆ ಕಡಿಮೆಯೇ.

ಪಿನಿಯನ್ನಿಗೆ 15ರ ಬದಲು 20 ಹಲ್ಲು ಹಾಕಿದರೆ? ವೇಗ ಸುಮಾರು 56ಕ್ಕೆ ಏರುತ್ತದೆ. ಆದರೆ ಎರಡು ತೊಡಕು. ಮೊದಲನೆಯದು ಜಾಗದ್ದು. ಹಲ್ಲಿನ ಮಾಡ್ಯೂಲ್ 0.8 ಆದರೆ ಎರಡು ಗೇರುಗಳ ಕೇಂದ್ರಗಳ ನಡುವಿನ ದೂರ ಒಟ್ಟು ಹಲ್ಲುಗಳ ಅರ್ಧವನ್ನು 0.8ರಿಂದ ಗುಣಿಸಿದಷ್ಟು. 75 ಹಲ್ಲಿಗೆ 30 ಮಿಲಿಮೀಟರ್, 80 ಹಲ್ಲಿಗೆ 32. ಮೋಟಾರು 2 ಮಿಲಿಮೀಟರ್ ಹಿಂದೆ ಸರಿಯಬೇಕು. ಅದಕ್ಕಾಗಿಯೇ ಮೋಟಾರು ಕೂರುವ ತಗಡಿಗೆ ಗುಂಡು ತೂತಿನ ಬದಲು ಉದ್ದನೆಯ ತೂತು ಕೊರೆಯುವುದು ಜಾಣತನ. ಎರಡನೆಯದು ಶಕ್ತಿಯದು. ವೇಗ ಹೆಚ್ಚಿದಷ್ಟೂ ಗಾಲಿಯ ಎಳೆತ ಕುಗ್ಗುತ್ತದೆ, ಮೋಟಾರು ಹೆಚ್ಚು ವಿದ್ಯುತ್ ಎಳೆದು ಕಾಯುತ್ತದೆ. ಏರು ಹತ್ತುವ ಲಾರಿ ಟಾಪ್ ಗೇರಿನಲ್ಲಿ ಏದುಸಿರು ಬಿಡುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯಾವುದು ಮುರಿಯಬೇಕು?

'ಎಲ್ಲ ಭಾಗಗಳನ್ನೂ ಲೋಹದಲ್ಲೇ ಮಾಡಿಬಿಟ್ಟರೆ ಮುರಿಯುವ ಗೊಡವೆಯೇ ಇಲ್ಲವಲ್ಲ?' ಎಂದು ಅನ್ನಿಸುವುದು ಸಹಜ. ವಿನ್ಯಾಸದ ನಿಜವಾದ ಪಾಠ ಇರುವುದು ಈ ಪ್ರಶ್ನೆಯಲ್ಲಿ.

1638ರಲ್ಲಿ ಗೆಲಿಲಿಯೋ ಬರೆದ ವಿಚಾರವೊಂದಿದೆ. ವಸ್ತುವಿನ ಉದ್ದ, ಅಗಲ, ಎತ್ತರ ಮೂರನ್ನೂ ಹತ್ತನೆಯ ಒಂದಕ್ಕೆ ಇಳಿಸಿದರೆ ಅದರ ತೂಕ ಸಾವಿರದ ಒಂದು ಭಾಗವಾಗುತ್ತದೆ, ಆದರೆ ಅಡ್ಡಕೊಯ್ತದ ವಿಸ್ತೀರ್ಣ ನೂರರ ಒಂದು ಭಾಗ ಮಾತ್ರ. ಅಂದರೆ ತನ್ನ ತೂಕಕ್ಕೆ ಹೋಲಿಸಿದರೆ ಪುಟ್ಟದು ಹತ್ತು ಪಟ್ಟು ಗಟ್ಟಿ. ಇರುವೆ ಮಾಳಿಗೆಯಿಂದ ಬಿದ್ದರೂ ಬದುಕುತ್ತದೆ, ಆನೆ ಗುಂಡಿಗೆ ಬಿದ್ದರೂ ಕಾಲು ಮುರಿದುಕೊಳ್ಳುತ್ತದೆ. ಎರಡು ಕಿಲೋ ಟ್ರಕ್ಕು ತನ್ನ ಎತ್ತರದ ಹತ್ತು ಪಟ್ಟು ಜಿಗಿದು ಬದುಕುವುದರ ಗುಟ್ಟೂ ಇದೇ. ಅದಕ್ಕೆ ಎಲ್ಲೆಡೆ ಉಕ್ಕು ಬೇಕಿಲ್ಲ.

ಅಲ್ಯುಮಿನಿಯಂ ತೂಕ ಉಕ್ಕಿನ ಮೂರನೆಯ ಒಂದು ಭಾಗ. ಅಸಿಟಾಲ್ ಎಂಬ ಗಟ್ಟಿ ಪ್ಲಾಸ್ಟಿಕ್ ಅದಕ್ಕೂ ಅರ್ಧ. ನೈಲಾನಿನ ಸಸ್ಪೆನ್ಷನ್ ತೋಳು ಕಲ್ಲಿಗೆ ಬಡಿದಾಗ ಬಾಗಿ ಮತ್ತೆ ನೇರವಾಗುತ್ತದೆ. ಅದರ ಜಾಗದಲ್ಲಿ ಮಿರಮಿರ ಮಿಂಚುವ ಅಲ್ಯುಮಿನಿಯಂ ತೋಳು ಹಾಕಿದರೆ ತೋಳು ಉಳಿಯಬಹುದು, ಆದರೆ ಪೆಟ್ಟು ಮುಂದಕ್ಕೆ ಹೋಗಿ ಚಾಸಿಸ್ ಸೀಳುತ್ತದೆ. ಇಲ್ಲವೇ ತೋಳೇ ಬಾಗಿ ಹಾಗೇ ಉಳಿಯುತ್ತದೆ. ಬಂಡೆ ಹತ್ತುವ ನಿಧಾನದ ಟ್ರಕ್ಕುಗಳಿಗೆ ಮಾತ್ರ ಬೇಕೆಂದೇ ಆಕ್ಸೆಲ್ ಹತ್ತಿರ ಭಾರದ ಹಿತ್ತಾಳೆ ಹಾಕುವುದುಂಟು. ತೂಕ ಕೆಳಗಿದ್ದಷ್ಟೂ ಗಾಡಿ ಮಗುಚದು.

ಆದ್ದರಿಂದ ಅನುಭವಿಗಳು ಮೊದಲು ಕೇಳಿಕೊಳ್ಳುವ ಪ್ರಶ್ನೆ: ಪೆಟ್ಟು ಬಿದ್ದಾಗ ಯಾವುದು ಮುರಿಯಬೇಕು? ಅಗ್ಗದ್ದು, ಬೇಗ ಬದಲಿಸಬಹುದಾದದ್ದು ಮುರಿಯಬೇಕು. ಮನೆಯ ಕರೆಂಟಿನ ಫ್ಯೂಸು ಸುಟ್ಟು ಉಳಿದದ್ದನ್ನು ಕಾಯುವ ಹಾಗೆ. ಹಬ್ಬು ಲೋಹದ್ದಾಗಲಿ, ತೋಳು ಪ್ಲಾಸ್ಟಿಕ್ಕಿನದೇ ಇರಲಿ.

ತಂದೆ-ತಾಯಂದಿರಿಗೆ

'ಎಸ್ಸೆಸ್ಸೆಲ್ಸಿ ವರ್ಷ, ಆಟಿಕೆ ಹಿಡಿದು ಕೂತರೆ ಹೇಗೆ?' ಎಂಬ ಆತಂಕ ಅರ್ಥವಾಗುವಂಥದ್ದೇ. ಈ ಹವ್ಯಾಸ ಅಗ್ಗದ್ದೂ ಅಲ್ಲ. ಹಾಗೆಂದು ದುಬಾರಿ ಟ್ರಕ್ಕು, ಸ್ವಂತ ಯಂತ್ರ ಕೊಂಡೇ ಶುರು ಮಾಡಬೇಕೆಂದಿಲ್ಲ. ಒಂದು ವರ್ನಿಯರ್, ಒಂದು ಡ್ರಾಯಿಂಗ್ ಪುಸ್ತಕ, ಹಳೆಯ ಗಾಡಿಯೊಂದು ಇದ್ದರೆ ಅರ್ಧ ಪಾಠ ಆದಂತೆ. ನೀತಿ ಆಯೋಗ 2016ರಲ್ಲಿ ಆರಂಭಿಸಿದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳು ಆರರಿಂದ ಹನ್ನೆರಡನೆಯ ತರಗತಿಯವರಿಗಾಗಿಯೇ ಇರುವಂಥವು. ಅಂಥ ಶಾಲೆಯಲ್ಲಿ ಮೂರು ಆಯಾಮದ ಮುದ್ರಣ ಯಂತ್ರದಿಂದ ಭಾಗದ ಪ್ಲಾಸ್ಟಿಕ್ ಮಾದರಿ ಮಾಡಿ, ಸರಿ ಕೂತರೆ ಮಾತ್ರ ಲೋಹಕ್ಕೆ ಹೋಗಬಹುದು. ತಪ್ಪಿದರೆ ನಷ್ಟ ಕಡಿಮೆ.

ಯಂತ್ರದ ಮುಂದೆ ಮಕ್ಕಳು ಒಬ್ಬರೇ ನಿಲ್ಲಕೂಡದು. ಸಡಿಲ ತೋಳಿನ ಅಂಗಿ, ಉಂಗುರ, ಬಳೆ, ಕೈಗವಸು ಬೇಡ. ಕೊರಳ ಶಿವದಾರವಾಗಲಿ ಸರವಾಗಲಿ ಅಂಗಿಯೊಳಗಿರಲಿ. ಹೆಣ್ಣುಮಕ್ಕಳು ಜಡೆ ಮೇಲೆ ಕಟ್ಟಿ, ದುಪಟ್ಟಾ ತೆಗೆದಿಡಲಿ. ಕಣ್ಣಿಗೆ ಕನ್ನಡಕ ಕಡ್ಡಾಯ. ಚಕ್ಕಿನ ಕೀಲಿಯನ್ನು ಚಕ್ಕಿನಲ್ಲೇ ಬಿಟ್ಟು ಯಂತ್ರ ಚಾಲೂ ಮಾಡಿದರೆ ಅದು ಕವಣೆ ಕಲ್ಲಿನಂತೆ ಹಾರುತ್ತದೆ. ಸುರುಳಿಯಾಗಿ ಬರುವ ಲೋಹದ ಚೂರನ್ನು ಕೈಯಿಂದ ಎಳೆಯಬಾರದು. ಟ್ರಕ್ಕಿನ ಲಿಥಿಯಂ ಬ್ಯಾಟರಿಯನ್ನು ಅದಕ್ಕೆಂದೇ ಇರುವ ಚಾರ್ಜರಿನಲ್ಲಿ, ಯಾರಾದರೂ ಎದುರಿಗಿದ್ದಾಗಲೇ ಚಾರ್ಜ್ ಮಾಡಬೇಕು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬಾರದು.

ಇದರಿಂದ ಮುಂದೇನು? ಹತ್ತನೆಯ ತರಗತಿಯ ನಂತರ ಐಟಿಐಗಳಲ್ಲಿ ಟರ್ನರ್, ಫಿಟ್ಟರ್, ಮೆಷಿನಿಸ್ಟ್ ಎಂಬ ಎರಡು ವರ್ಷದ ತರಬೇತಿಗಳಿವೆ. ಡೆನ್ಮಾರ್ಕ್ ನೆರವಿನೊಂದಿಗೆ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಶಾಖೆ ಹರಿಹರದಲ್ಲೂ ಇದೆ; ಅದರ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಮೂರು ವರ್ಷದ ಕಲಿಕೆ, ಒಂದು ವರ್ಷದ ಕಾರ್ಖಾನೆ ಅನುಭವ ಸೇರಿದ್ದು. ದಾವಣಗೆರೆಯಲ್ಲಿ 1951ರ ಬಿಡಿಟಿ ಎಂಜಿನಿಯರಿಂಗ್ ಕಾಲೇಜು, 1979ರ ಬಾಪೂಜಿ ಎಂಜಿನಿಯರಿಂಗ್ ಕಾಲೇಜು ಇವೆ. ಟ್ರಕ್ಕಿನ ಹಬ್ಬು ಮಾಡಿದವರಿಗೆಲ್ಲ ಅಲ್ಲಿ ಸೀಟು ಸಿಗುತ್ತದೆ ಎಂದಲ್ಲ. ಅಂಕ ಬೇಕೇ ಬೇಕು. ಆದರೆ ಅಲ್ಲಿ ಸೇರಿದ ದಿನ ಲೇತಿನ ಮುಂದೆ ಅವರ ಕೈ ನಡುಗದು, ಡ್ರಾಯಿಂಗ್ ಹಾಳೆ ಅಪರಿಚಿತ ಅನ್ನಿಸದು.

ಯಂತ್ರಾಪುರದ ದೊಡ್ಡ ಕಾರ್ಖಾನೆ ಈಗ ಲೇತ್ ಮಾಡುವುದಿಲ್ಲ. ಆದರೆ ಅಲ್ಲಿಂದ ಎಂದೋ ಹೊರಬಿದ್ದ ಲೇತ್‌ಗಳು ನಾಡಿನ ಎಷ್ಟೋ ವರ್ಕ್‌ಶಾಪ್‌ಗಳಲ್ಲಿ, ಎಷ್ಟೋ ಐಟಿಐಗಳಲ್ಲಿ ಇನ್ನೂ ತಿರುಗುತ್ತಿವೆ. ಅವುಗಳ ಮುಂದೆ ನಿಲ್ಲುವ ಕೈಗಳು ವಯಸ್ಸಾಗುತ್ತಿವೆ. ಮುರಿದ ಆಟಿಕೆಯ ತುಂಡು ಹಿಡಿದು ಒಬ್ಬ ಹುಡುಗನೋ ಹುಡುಗಿಯೋ ಅಂಗಡಿಯ ಬಾಗಿಲಲ್ಲಿ ನಿಂತರೆ ಮೇಸ್ತ್ರಿ ಕೆಲಸ ಬಿಟ್ಟು ಒಂದು ಗಳಿಗೆ ಅದನ್ನು ತಿರುಗಿಸಿ ನೋಡಲಿ. 'ಅಳತೆ ತಗೊಂಡು ನಾಳೆ ಬಾ' ಎಂದರೂ ಸಾಕು. ನಾಳೆ ಬಂದವರು ಅಳತೆಯ ಜೊತೆಗೆ ಕಸುಬನ್ನೂ ಕಲಿತುಕೊಂಡು ಹೋಗುತ್ತಾರೆ.